ಸತ್ತ ಮೌಸು, ಸತ್ತ ಕ್ಯಾಮೆರಾ

"ಸತ್ತೇಹೋಯ್ತಲ್ಲೇ ಇದು!"

ಅಂಬುಜಾ ಮೌಸನ್ನು ಎತ್ತಿ ಮೇಜಿನ ಮೇಲೆ ಎರಡು ಸಲ ಕುಟ್ಟಿದರು. ಪರದೆಯ ಮೇಲಿನ ಬಾಣ ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಕುಟ್ಟಬೇಡಿ ಆಂಟಿ, ಅದೇನೂ ಕೆಟ್ಟಿಲ್ಲ," ಎಂದಳು ಪಕ್ಕದಲ್ಲಿ ಕೂತಿದ್ದ ವಿಭಾ. "ಪಟ್ಟಿಯಲ್ಲಿ ಡಾಂಗಲ್ ಹೆಸರನ್ನೇ ಆರಿಸಿದ್ರಿ, ಸರಿ. ಆಮೇಲೆ ಬೆರಳು ಮೌಸಿನ ಗಾಲಿಗೆ ತಾಗ್ತು, ಹೆಸರು ಒಂದು ಸಾಲು ಕೆಳಕ್ಕೆ ಜಾರ್ತು. ಯಂತ್ರ ನಡೆಸೋ ಪುಟ್ಟ ಪ್ರೋಗ್ರಾಮು ಇರುತ್ತಲ್ಲ, ಡ್ರೈವರ್, ನೀವು ಬದಲಾಯಿಸಿದ್ದು ಡಾಂಗಲ್ಲಿನದಲ್ಲ, ಮೌಸಿನದು."

"ಹಾಳಾದ್ದು! ಮೌಸಿಗೆ ಹೋಗಿ ರೇಡಿಯೋ ಆಗು ಅಂತ ಹೇಳಿದ ಹಾಗಾಯ್ತಲ್ಲ."

ಪೊಲೀಸ್ ವೈರ್‌ಲೆಸ್ ಕಂಟ್ರೋಲ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ಕಿವಿಗೆ ಹೆಡ್‌ಫೋನ್ ಏರಿಸಿ ಕೂತಿದ್ದ ಹೆಂಗಸು ಅಂಬುಜಾ. ಅರ್ಧ ಜಿಲ್ಲೆಯ ಜೀಪುಗಳನ್ನು ದನಿಯ ಮೇಲೇ ಗುರುತು ಹಿಡಿಯುತ್ತಿದ್ದವರಿಗೆ ಈಗ, ಅರವತ್ತಮೂರರಲ್ಲಿ, ಪೆನ್‌ಡ್ರೈವಿಗಿಂತ ಕೊಂಚ ದಪ್ಪಗಿರುವ, ರೇಡಿಯೋ ಹಿಡಿಯುವ ಒಂದು ಡಾಂಗಲ್ಲು ಬೆಳಗಿನಿಂದ ನೀರು ಕುಡಿಸುತ್ತಿತ್ತು. ಅವರಿಗೆ ಸಿಟ್ಟು ಬಂದಿದ್ದು ಡಾಂಗಲ್ಲಿನ ಮೇಲಲ್ಲ, ಗಡಿಯಾರದ ಮೇಲೆ. ಆಗಲೇ ಹತ್ತೂಕಾಲು.

ಸಿದ್ಧಾರ್ಥನಗರದ ಅಂಬುಜಾರ ಮನೆಯ ಪುಟ್ಟ ಹಾಲಿನ ಸೋಫಾದ ತುದಿಯಲ್ಲಿ ರೋಸಮ್ಮ ಮಡಿಲಲ್ಲಿ ಟಿಫನ್ ಕ್ಯಾರಿಯರ್ ಇಟ್ಟುಕೊಂಡು ಕೂತಿದ್ದರು. ಅವರ ಮಗ ಡೆನ್ನಿಸ್‌ನನ್ನು ನಿನ್ನೆ ಬುಧವಾರ ಸಂಜೆ ಪೊಲೀಸರು ಕರೆದುಕೊಂಡು ಹೋಗಿದ್ದರು. ಇವತ್ತು ನಾಲ್ಕು ಗಂಟೆಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ ಏನೂ ಸಿಗದೇ ಹೋದರೆ ಹುಡುಗ ಜೈಲಿಗೆ, ಕಾಲೇಜಿನ ಲ್ಯಾಬಿನಲ್ಲಿದ್ದ ಗುತ್ತಿಗೆ ಕೆಲಸ ಮಣ್ಣಿಗೆ.

"ಏನಾರಾ ಗೊತ್ತಾಯ್ತಾ ಅಂಬುಜಮ್ಮ?" ಎಂದರು ರೋಸಮ್ಮ.

"ಗೊತ್ತಾಗುತ್ತೆ ಇರಿ ರೋಸಮ್ಮ. ನಾನು ಮೊದಲು ಕಲೀಬೇಕಲ್ಲ."

ಡೆನ್ನಿಸ್ ಸರಸ್ವತಿಪುರಂನ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಭಾನುವಾರ ಹತ್ತು ಗಂಟೆಗೆ ಮೂವರು ಮಕ್ಕಳಿಗೆ ರೇಡಿಯೋ ಪಾಠ ಹೇಳುತ್ತಿದ್ದ. ದುಡ್ಡಿಲ್ಲ, ಕಾಸಿಲ್ಲ, ಹುಚ್ಚು ಅಷ್ಟೆ. ಡಾಂಗಲ್ ಚುಚ್ಚಿ, ಯಾರು ಬೇಕಾದರೂ ಬಿಟ್ಟಿ ಇಳಿಸಿಕೊಳ್ಳಬಹುದಾದ ಪ್ರೋಗ್ರಾಮು ಹಾಕಿಕೊಂಡರೆ ವಿಮಾನದ ಮಾತು, ಹವಾಮಾನ ಉಪಗ್ರಹದ ಚಿತ್ರ, ಎಲ್ಲ ಮನೆಯ ಕಂಪ್ಯೂಟರಿಗೇ ಬರುತ್ತದೆ. ಅದೇ ಕೋಣೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಊರಿನ ರೇಡಿಯೋ ಹುಚ್ಚರನ್ನು ಹುಡುಕುತ್ತ ಬಂದ ಪೊಲೀಸರಿಗೆ 'ನಾಲ್ಕು ಒಂದು ಏಳು ಎರಡು' ಎಂಬ ಹೆಸರಿನ ಫೈಲು ಸಿಕ್ಕಿತ್ತು. ಅದು ಗೋಕುಲಂನ ಡಾಕ್ಟರ್ ಕೃಷ್ಣಸ್ವಾಮಿಯವರ ಕಾರಿನ ನಂಬರು. ಫೈಲಿನೊಳಗಿದ್ದದ್ದು ಆ ಕಾರಿನ ರಿಮೋಟ್ ಕೀ ಒತ್ತಿದಾಗ ಹೊರಡುವ ಸಂಕೇತ.

ಆ ಕಾರಿನಿಂದಲೇ ಮಂಗಳವಾರ ಬೆಳಗ್ಗೆ, ಗಾಜು ಒಡೆಯದೆ, ಬೀಗ ಮುರಿಯದೆ, ಒಂದು ಪೆಟ್ಟಿಗೆ ಮಾಯವಾಗಿತ್ತು. ಡಾಕ್ಟರ ಮುತ್ತಾತನಿಗೆ ಅರಮನೆಯಲ್ಲಿ ಕೊಟ್ಟ ಚಿನ್ನದ ಪದಕದ ಪೆಟ್ಟಿಗೆ. ಇಷ್ಟು ವರ್ಷ ತಮ್ಮ ತಾಯಿಯ ಕೋಣೆಯಲ್ಲಿದ್ದ ಅದನ್ನು ಬ್ಯಾಂಕ್ ಲಾಕರಿಗೆ ಒಯ್ಯಲೆಂದು ಕಾರಿನಲ್ಲಿಟ್ಟು, ಮನೆ ಮುಂದೆಯೇ ಲಾಕ್ ಮಾಡಿ, ಡಾಕ್ಟರು ಅರ್ಧ ಗಂಟೆ ಒಳಗೆ ಹೋಗಿದ್ದರು.

ಈ ವಿಭಾ ಆ ಡಾಕ್ಟರ ಮಗಳು. ಡೆನ್ನಿಸ್‌ನ ಶಿಷ್ಯೆ ಕೂಡ. "ಡೆನ್ನಿಸ್ ಸರ್ ಕದಿಯೋರಲ್ಲ ಆಂಟಿ, ಏನು ಬೇಕಾದ್ರೂ ಸಹಾಯ ಮಾಡ್ತೀನಿ," ಎಂದು ಬೆಳಗ್ಗೆ ತಾನಾಗಿಯೇ ಬಂದಿದ್ದಳು. ಅಪ್ಪನಿಗೆ ಗೊತ್ತಿಲ್ಲದ ಹಾಗೆ.

"ಈಗ ಮೌಸಿಲ್ಲದೆ ಏನು ಮಾಡೋದು?"

"ಒಂದು ನಿಮಿಷ ಆಂಟಿ."

ವಿಭಾ ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡಳು. ಅದರ ಟಚ್‌ಪ್ಯಾಡ್ ಕೆಟ್ಟು ವರ್ಷವಾಗಿತ್ತು. ಬರೀ ಕೀಲಿಮಣೆಯಲ್ಲೇ ಡಿವೈಸ್ ಮ್ಯಾನೇಜರ್ ತೆರೆದಳು. ಬಾಣದ ಗುಂಡಿಯಲ್ಲಿ ಕೆಳಗೆ ಇಳಿದು, ತಪ್ಪು ಜಾಗದಲ್ಲಿ ಹೋಗಿ ಕೂತಿದ್ದ ಮೌಸನ್ನು ಹುಡುಕಿ, ಹೊಸ ಡ್ರೈವರ್ ಅಳಿಸಿ, ಯಂತ್ರಕ್ಕೆ ಇನ್ನೊಮ್ಮೆ ಎಲ್ಲವನ್ನೂ ಹುಡುಕಲು ಹೇಳಿದಳು. ಬಾಣ ಅಲ್ಲಾಡಿತು.

"ಭೇಷ್!" ಎಂದರು ಅಂಬುಜಾ. ಆಮೇಲೆ ಸಹಜವಾಗಿ ಕೇಳುವವರ ಹಾಗೆ, "ನಿಂದು ಮ್ಯಾಕ್ ಅಲ್ವೇನೇ?" ಎಂದರು.

"ಹೂಂ ಆಂಟಿ."

"ವಿಂಡೋಸು?"

"ಮುಟ್ಟಿದ್ದೇ ಇಲ್ಲ... ಅಂದ್ರೆ, ಸ್ಕೂಲಲ್ಲಿ ಮುಟ್ಟಿದ್ದೆ."

ಡೆನ್ನಿಸ್ ತನ್ನ ಕೈಬರಹದಲ್ಲಿ ಒಬ್ಬೊಬ್ಬ ಶಿಷ್ಯರಿಗೂ ಬರೆದುಕೊಟ್ಟು, ಪ್ರತಿ ಉಳಿಸಿಕೊಂಡಿದ್ದ ಮೂರು ಹಾಳೆಗಳು ಮೇಜಿನ ಮೇಲಿದ್ದವು. ಅಂಬುಜಾ ಅವನ್ನು ಮತ್ತೆ ಎತ್ತಿಕೊಂಡರು.

ಶಿಷ್ಯ ಅಭಿನವನದು ವಿಂಡೋಸ್. ಅದರಲ್ಲಿ ಡಾಂಗಲ್ ಚುಚ್ಚಿದ ಕೂಡಲೆ ಅದು ತಾನು ಟೀವಿ ಎಂದುಕೊಂಡುಬಿಡುತ್ತದೆ. ಝಾಡಿಗ್ ಎಂಬ ಪುಟ್ಟ ಪ್ರೋಗ್ರಾಮು ತೆರೆದು, ಕಂಪ್ಯೂಟರಿನಲ್ಲಿರುವ ಎಲ್ಲ ಯಂತ್ರಗಳ ಪಟ್ಟಿಯಲ್ಲಿ ಡಾಂಗಲ್ಲಿನ ಹೆಸರನ್ನೇ ಹುಡುಕಿ, ಅದರ ಡ್ರೈವರ್ ಬದಲಿಸಬೇಕು. 'ನಿಧಾನ! ಬೇರೆಯದನ್ನು ಮುಟ್ಟಬೇಡ' ಎಂದು ಡೆನ್ನಿಸ್ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದ.

ಸಮನ್ವಿತಾಳದು ಲಿನಕ್ಸ್. ಅಲ್ಲಿ ಮೊದಲು ಡಾಂಗಲ್ಲಿನ ಚಿಪ್‌ನ ಹೆಸರು ನೋಡಿಕೊಂಡು, ಅದನ್ನು ಟೀವಿ ಮಾಡುವ ಡ್ರೈವರನ್ನು ಕಪ್ಪುಪಟ್ಟಿಗೆ ಸೇರಿಸಬೇಕು. ಠಾಣೆಯ ರೌಡಿಶೀಟು ನೋಡಿದ್ದ ಅಂಬುಜಾಗೆ ಇದು ಚೆನ್ನಾಗಿ ಅರ್ಥವಾಗಿತ್ತು.

ವಿಭಾಳ ಮ್ಯಾಕ್ ಹಾಳೆ ಎಲ್ಲಕ್ಕಿಂತ ಚಿಕ್ಕದು. ಎರಡು ಸಾಲಿನ ಆಜ್ಞೆ ಟೈಪಿಸಿದರೆ ಪ್ರೋಗ್ರಾಮು ಬಂದು ಕೂರುತ್ತದೆ. 'ಚುಚ್ಚು, ಕೇಳು. ಡ್ರೈವರ್ ಗೊಡವೆ ಇಲ್ಲ' ಎಂದು ಮುಗಿಸಿದ್ದ.

ಮೂರು ಹಾಳೆಯಲ್ಲೂ ಸತ್ತ ಮೌಸನ್ನು ಬದುಕಿಸುವ ವಿಧಾನ ಇರಲಿಲ್ಲ.

"ನಾನು ಠಾಣೆಗೆ ಹೋಗಿ ಬರ್ತೀನಿ. ನೀನು ರೋಸಮ್ಮನ ಜೊತೆ ಇಲ್ಲೇ ಇರು," ಎಂದು ಅಂಬುಜಾ ಚಪ್ಪಲಿ ಮೆಟ್ಟಿದರು.

ಇನ್‌ಸ್ಪೆಕ್ಟರ್ ಪ್ರಸಾದ್ ಎದ್ದು ನಿಂತು ಕುರ್ಚಿ ಕೊಟ್ಟರು. ಸಬ್‌ಇನ್‌ಸ್ಪೆಕ್ಟರ್ ಆಗಿದ್ದಾಗ ರಾತ್ರಿ ಗಸ್ತಿನಲ್ಲಿ ಅಂಬುಜಾರ ದನಿ ಕೇಳಿಯೇ ಧೈರ್ಯ ತಂದುಕೊಂಡವರು ಅವರು.

"ಲ್ಯಾಪ್‌ಟಾಪ್ ಸೀಲ್ ಆಗಿದೆ ಮೇಡಂ, ಲ್ಯಾಬಿಗೆ ಹೋಗುತ್ತೆ. ಮಹಜರಿನ ಫೋಟೋ ಬೇಕಾದ್ರೆ ನೋಡಿ. ನನಗೂ ಆ ಹುಡುಗನ್ನ ನೋಡಿದ್ರೆ ಅಯ್ಯೋ ಅನಿಸುತ್ತೆ. ಆದ್ರೆ ಫೈಲು ಕಣ್ಣಿಗೆ ಹೊಡೆಯೋ ಹಾಗಿದೆಯಲ್ಲ."

"ರೀ ಪ್ರಸಾದ್, ಆ ಡಾಂಗಲ್ಲಿಗೆ ಕಿವಿ ಇದೆ, ಬಾಯಿಲ್ಲ. ಕೇಳಿಸ್ಕೊಳ್ಳುತ್ತೆ, ಏನನ್ನೂ ಕಳಿಸಲ್ಲ. ಅದರಲ್ಲಿ ಕಾರು ತೆಗೆಯೋಕಾಗಲ್ಲ."

"ಅದನ್ನ ಅವನೂ ಹೇಳ್ದ. ಬಾಯಿ ಇರೋ ಯಂತ್ರ ಇನ್ನೊಬ್ಬನ ಹತ್ರ ಇದ್ರೆ? ಇವನು ಫೈಲ್ ಕೊಟ್ಟು, ಅವನು ಕಾರು ತೆಗೆದಿದ್ರೆ?"

ಅಂಬುಜಾ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಫೋಟೋ ನೋಡತೊಡಗಿದರು. ಲ್ಯಾಪ್‌ಟಾಪಿನ ಪರದೆಯ ಹನ್ನೆರಡು ಫೋಟೋಗಳು. ಏಳನೆಯದರಲ್ಲಿ ಯಂತ್ರಗಳ ಪಟ್ಟಿ ಇತ್ತು. ಬೆಳಿಗ್ಗೆ ತಮ್ಮ ಸತ್ತ ಮೌಸು ಹೋಗಿ ಕೂತಿದ್ದ ಜಾಗದಲ್ಲೇ ಇಲ್ಲಿ ಎರಡು ಹೆಸರುಗಳಿದ್ದವು. ಒಂದು ಡಾಂಗಲ್. ಇನ್ನೊಂದು, ಲ್ಯಾಪ್‌ಟಾಪಿನ ನೆತ್ತಿಯ ಮೇಲಿರುವ ಕ್ಯಾಮೆರಾ.

ಅಂಬುಜಾ ಫೋಟೋವನ್ನು ಪ್ರಸಾದರ ಕಡೆ ತಿರುಗಿಸಿದರು.

"ಈ ಲ್ಯಾಪ್‌ಟಾಪಿನ ಕ್ಯಾಮೆರಾ ಸತ್ತಿದೆ ಪ್ರಸಾದ್. ಯಾರೋ ಡಾಂಗಲ್ ಅಂದ್ಕೊಂಡು ಮೊದಲು ಇದರ ಡ್ರೈವರ್ ಬದಲಾಯಿಸಿದಾರೆ. ಕೆಲಸ ಆಗದೆ ಇದ್ದಾಗ ಪಟ್ಟಿಯಲ್ಲಿ ಇನ್ನೊಂದನ್ನ ಹಿಡಿದಿದಾರೆ. ಬದಲಾದ ಹೊತ್ತು ಎಲ್ಲಾದ್ರೂ ಬರೆದಿರುತ್ತಲ್ಲ?"

ಒಂಬತ್ತನೆಯ ಫೋಟೋದಲ್ಲಿ ಬರೆದಿತ್ತು. ಭಾನುವಾರ ಬೆಳಗ್ಗೆ ಎಂಟು ನಲವತ್ತೆರಡಕ್ಕೆ ಕ್ಯಾಮೆರಾ. ಎಂಟು ನಲವತ್ತೇಳಕ್ಕೆ ಡಾಂಗಲ್. ಎಂಟು ಐವತ್ತೊಂದಕ್ಕೆ ಆ ಫೈಲು ಹುಟ್ಟಿತ್ತು.

"ಊರಿಗೆಲ್ಲ ಪಾಠ ಹೇಳೋನು ಕ್ಯಾಮೆರಾಗೂ ಡಾಂಗಲ್ಲಿಗೂ ವ್ಯತ್ಯಾಸ ತಿಳಿಯದೆ ಎಡವಿದ್ನೇನ್ರೀ? ಅದೂ ಅಲ್ದೆ ಭಾನುವಾರ ಎಂಟೂವರೆಗೆ ಅವನು ಚರ್ಚಲ್ಲಿ ಹಾಡ್ತಿದ್ದ. ಅಮ್ಮನೂ ಅಲ್ಲೇ ಇದ್ರು."

"ಲ್ಯಾಪ್‌ಟಾಪಿನ ಗಡಿಯಾರ ತಿದ್ದೋದು ದೊಡ್ಡ ಕೆಲಸ ಅಲ್ಲ ಮೇಡಂ," ಎಂದರು ಪ್ರಸಾದ್ ಮೆಲ್ಲಗೆ. "ಕೋರ್ಟಲ್ಲಿ ಸತ್ತ ಕ್ಯಾಮೆರಾ ಸಾಕ್ಷಿ ಹೇಳಲ್ಲ. ಮಾಡ್ದೋರು ಬಂದು ನಾನೇ ಮಾಡ್ದೆ ಅಂತ ಹೇಳ್ಬೇಕು. ಡಾಕ್ಟರಿಗೆ ಮೂರು ಗಂಟೆಗೆ ಬನ್ನಿ ಅಂದಿದೀನಿ, ಹೇಳಿಕೆಗೆ ಸಹಿ ಹಾಕೋಕೆ. ಅಷ್ಟರಲ್ಲಿ ಯಾರನ್ನಾದ್ರೂ ಕರ್ಕೊಂಡು ಬನ್ನಿ."

ಆಟೋದಲ್ಲಿ ಅಂಬುಜಾ ಬೆರಳು ಮಡಿಸಿದರು. ಅಭಿನವ ಈ ಡ್ರೈವರ್ ಕೆಲಸವನ್ನು ಡೆನ್ನಿಸ್‌ನ ಕಣ್ಣೆದುರೇ ಕಲಿತವನು. ಸಮನ್ವಿತಾಗೆ ಡಾಂಗಲ್ಲಿನ ಹೆಸರು ಗೊತ್ತು. ಹೆಸರು ತಿಳಿಯದೆ ಅವಳ ಲಿನಕ್ಸಿನಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಮೂವರಲ್ಲಿ ಡಾಂಗಲ್ಲಿಗೆ ಒಂದು ಹೆಸರಿದೆ ಎಂಬುದೇ ತಿಳಿಯಬೇಕಾಗಿಲ್ಲದವಳು ಒಬ್ಬಳೇ. ಚುಚ್ಚು, ಕೇಳು ಅಷ್ಟೆ. ಅಂಥವಳು ಇವತ್ತು ನಿಮಿಷದೊಳಗೆ ಸತ್ತ ಮೌಸನ್ನು ಎಬ್ಬಿಸಿ ಕೂರಿಸಿದ್ದಳು. ಒಮ್ಮೆ ಕೈ ಸುಟ್ಟುಕೊಂಡು, ಆಮೇಲೆ ಮನೆಯಲ್ಲಿ ಕೂತು ಎಲ್ಲಿ ತಪ್ಪಿತು ಎಂದು ಓದಿ ತಿಳಿದುಕೊಂಡವರಿಗೆ ಮಾತ್ರ ಬರುವ ವಿದ್ಯೆ ಅದು.

ಅಂಬುಜಾಗೆ ಸಂತೋಷವಾಗಲಿಲ್ಲ. ಹುಡುಗಿಯನ್ನು ಕಂಡರೆ ಅವರಿಗೆ ಇಷ್ಟವಾಗಿತ್ತು.

ಮನೆಗೆ ಬಂದಾಗ ಒಂದು ಗಂಟೆ. ಠಾಣೆಯಲ್ಲಿ ಒಳಗೆ ಬಿಡದೆ ವಾಪಸು ಬಂದಿದ್ದ ಕ್ಯಾರಿಯರನ್ನು ರೋಸಮ್ಮ ಬಿಚ್ಚಿ, ಮಗನಿಗೆಂದು ತಂದಿದ್ದ ಅನ್ನ, ಮೀನು ಸಾರನ್ನು ಪಕ್ಕಕ್ಕಿಟ್ಟು, ಬೀನ್ಸ್ ಪಲ್ಯ, ಮೊಸರನ್ನವನ್ನು ವಿಭಾಳ ತಟ್ಟೆಗೆ ಬಡಿಸುತ್ತಿದ್ದರು.

"ತಿನ್ನು ಕಣಮ್ಮ. ನಮ್ ಡೆನ್ನಿಸ್ಸು ಯಾವಾಗ್ಲೂ ಹೇಳ್ತಿದ್ದ, ವಿಭಾ ಸಾನೆ ಚುರುಕು ಅಂತ. ಬೆಳಿಗ್ಗಿಂದ ಏನೂ ತಿಂದಿಲ್ಲ ನೀನು. ನಾಚ್ಕೋಬ್ಯಾಡ, ಇದ್ರಲ್ಲಿ ಮೀನು ತಾಗಿಲ್ಲ ಬುಡು."

ವಿಭಾ ತಲೆ ತಗ್ಗಿಸಿ ತುತ್ತು ಕಲಸುತ್ತಿದ್ದಳು. ಬಾಯಿಗೆ ಹೋಗುತ್ತಿರಲಿಲ್ಲ.

ಅಂಬುಜಾ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ವಿಭಾ, ಮನೆಯಲ್ಲಿ ಭಾನುವಾರ ಎಲ್ಲಿಗೆ ಹೋಗ್ತೀನಿ ಅಂತ ಹೇಳ್ತೀಯ?"

"ವೀಣೆ ಪಾಠಕ್ಕೆ ಆಂಟಿ."

"ಎಷ್ಟು ಗಂಟೆಗೆ?"

"ಎಂಟೂವರೆಗೆ."

"ಡೆನ್ನಿಸ್ ಪಾಠ ಹತ್ತಕ್ಕೆ. ಒಂದೂವರೆ ಗಂಟೆ ಎಲ್ಲಿರ್ತೀಯ?"

ರೋಸಮ್ಮನೇ ಹೇಳಿದರು. "ನಮ್ಮನೇಲೇ ಇರ್ತಾಳೆ. ಬೀಗದ ಕೈ ಮೀಟರ್ ಬಾಕ್ಸ್ ಹಿಂದೆ ಇಟ್ಟೋಗಿರ್ತೀವಿ. ಬಿಸಿಲಲ್ಲಿ ಯಾಕೆ ನಿಲ್ಬೇಕು ಪಾಪ, ಒಳಗೆ ಕೂತ್ಕೊಳ್ಳಿ ಅಂತ ಮಕ್ಕಳಿಗೆಲ್ಲ ನಾನೇ ಏಳಿದ್ದೆ. ಯಾಕೆ ಅಂಬುಜಮ್ಮ?"

"ಕ್ಯಾಮೆರಾನ ಡಾಂಗಲ್ ಅಂದ್ಕೊಂಡ್ಯಾ ಮಗೂ?" ಎಂದರು ಅಂಬುಜಾ.

ತಟ್ಟೆಯ ಮೇಲೆ ಕಣ್ಣೀರು ಪಟಪಟನೆ ಬಿತ್ತು.

"ಅವತ್ತು ಅಪ್ಪ ಬಾಗಿಲಲ್ಲೇ ನಿಂತಿದ್ರು ಆಂಟಿ. ವೀಣೆ ಪಾಠಕ್ಕೆ ಲ್ಯಾಪ್‌ಟಾಪ್ ಯಾಕೆ ಅಂತಾರೆ ಅಂತ ನನ್ನ ಮ್ಯಾಕ್ ಬಿಟ್ಟು ಬಂದೆ. ಹಿಂದಿನ ವಾರ ಸರ್, ಕಾರಿನ ರಿಮೋಟ್ ಕೂಡ ಒಂದು ಪುಟ್ಟ ರೇಡಿಯೋ ಅಂದಿದ್ರು. ಅದನ್ನ ಎಲ್ಲರಿಗಿಂತ ಮುಂಚೆ ಹಿಡಿದು ತೋರಿಸ್ಬೇಕು ಅಂತ ಆಸೆ. ಅಪ್ಪ ಭಾನುವಾರ ಮಧ್ಯಾಹ್ನದವರೆಗೂ ಕಾರು ತೆಗೆಯಲ್ಲ. ಅವರ ಕೀ ಪರ್ಸಲ್ಲಿ ಹಾಕ್ಕೊಂಡು ಬಂದ್ಬಿಟ್ಟೆ. ಸರ್ ಬಳಸದೆ ಇಟ್ಟಿದ್ದ ಹಳೇ ಲ್ಯಾಪ್‌ಟಾಪ್‌ಗೆ ನಾನೇ ಎಲ್ಲ ಇನ್‌ಸ್ಟಾಲ್ ಮಾಡ್ದೆ. ಮೊದಲ ಸಲ ಏನೂ ಬರಲಿಲ್ಲ. ಎರಡನೇ ಸಲ ಬಂತು. ಕೀ ಒತ್ತಿದೆ, ಪರದೆ ಮೇಲೆ ಗೆರೆ ಎದ್ದಿತು. ಎಷ್ಟು ಖುಷಿಯಾಯ್ತು ಗೊತ್ತಾ ಆಂಟಿ... ಮರೀಬಾರದು ಅಂತ ಕಾರಿನ ನಂಬರೇ ಹೆಸರು ಇಟ್ಟೆ."

"ಡೆನ್ನಿಸ್‌ಗೆ ಯಾಕೆ ತೋರಿಸ್ಲಿಲ್ಲ?"

"ತೋರಿಸೋಕೆ ಮುಂಚೆ, ಇದರಿಂದ ಕಾರು ತೆಗೀಬಹುದಾ ಸರ್ ಅಂತ ಸುಮ್ನೆ ಕೇಳ್ದೆ. ಅವರು ನಕ್ರು. ಕೀ ಪ್ರತಿ ಸಲ ಹೊಸ ಗುರುತು ಹೇಳುತ್ತೆ, ಆಮೇಲೆ ಒಂದ್ಸಲ ಕೀ ಒತ್ತಿ ಕಾರು ತೆಗೆದ್ರೆ ಹಳೇ ಗುರುತು ಕೆಲಸಕ್ಕೆ ಬರಲ್ಲ, ಕಾರು ಒಪ್ಪಲ್ಲ ಅಂದ್ರು. ಹೇಳದೆ ಕೇಳದೆ ಬೇರೆಯವರ ಕೀ ಹಿಡಿಯೋದು ತಪ್ಪು ಅಂತಾನೂ ಅಂದ್ರು. ನನಗೆ ನಾಚಿಕೆ ಆಯ್ತು. ಸುಮ್ಮನಾಗಿಬಿಟ್ಟೆ."

ಅಂಬುಜಾ ನೆಟ್ಟಗೆ ಕೂತರು. "ಇರು, ಇರು. ಭಾನುವಾರದಿಂದ ಮಂಗಳವಾರದೊಳಗೆ ನಿಮ್ಮಪ್ಪ ಆ ಕೀಯಿಂದ ಕಾರು ತೆಗೆದ್ರಾ?"

"ಭಾನುವಾರ ಸಂಜೆ ಕ್ಲಿನಿಕ್ಕಿಗೆ ಹೋದ್ರು. ಸೋಮವಾರ ಎರಡು ಸಲ."

"ಹಾಗಾದ್ರೆ ನೀನು ಹಿಡಿದ ಗುರುತು ಭಾನುವಾರ ಸಂಜೆಗೇ ಸತ್ತುಹೋಗಿತ್ತು. ಆ ಫೈಲಿಂದ ಮಂಗಳವಾರ ಯಾರಪ್ಪನಾಣೆ ಕಾರು ತೆಗೆಯೋಕಾಗಲ್ಲ!"

ಅಷ್ಟು ಹೊತ್ತಿನಿಂದ ಪಿಳಿಪಿಳಿ ನೋಡುತ್ತಿದ್ದ ರೋಸಮ್ಮ ಈಗ ಎದ್ದರು. ಅವರಿಗೆ ಡ್ರೈವರು, ಗುರುತು ಯಾವುದೂ ತಿಳಿದಿರಲಿಲ್ಲ. ಒಂದು ಮಾತ್ರ ತಿಳಿದಿತ್ತು.

"ನೀನು ಮಾಡಿದ್ದಾ ಅದು? ನಿನ್ನೆ ಸಂಜೆ ನಮ್ಮ ಬೀದಿ ಜನವೆಲ್ಲ ನೋಡ್ತಿದ್ದಂಗೆ ನನ್ ಮಗನ್ನ ಜೀಪು ಅತ್ತಿಸ್ದಾಗ ನಿಂಗೆ ಗೊತ್ತಿತ್ತಾ?"

"ರಾತ್ರಿ ಗೊತ್ತಾಯ್ತು ಆಂಟಿ. ಹೇಳ್ಬೇಕು ಅಂತಲೇ ಬಂದೆ. ಬಾಯೇ ಬರಲಿಲ್ಲ. ಅಪ್ಪನಿಗೆ ತಿಳಿದ್ರೆ ಕಾಲೇಜೂ ಬಿಡಿಸಿ ಮನೇಲಿ ಕೂರಿಸ್ತಾರೆ. ಕ್ಷಮಿಸಿ ಆಂಟಿ, ಕ್ಷಮಿಸಿ."

ರೋಸಮ್ಮ ಕೈ ಎತ್ತಿದರು. ಹೊಡೆಯುತ್ತಾರೆ ಎಂದೇ ಅಂಬುಜಾ ಅಂದುಕೊಂಡರು. ಆ ಕೈ ಹುಡುಗಿಯ ತಲೆಯ ಮೇಲೆ ಇಳಿಯಿತು.

"ಏಳು. ಕೈ ತೊಳ್ಕೋ. ಠಾಣೆಗೆ ಬಂದು ಅದನ್ನೇ ಅಲ್ಲೂ ಅಂದ್ಬುಡು," ಎಂದರು.

ಮೂರು ಗಂಟೆಗೆ ಪ್ರಸಾದರ ಕೋಣೆಯಲ್ಲಿ ಡಾಕ್ಟರ್ ಕೃಷ್ಣಸ್ವಾಮಿ ಆಗಲೇ ಕೂತಿದ್ದರು. ಬಿಳಿ ಷರಟು, ಹಣೆಯಲ್ಲಿ ತೆಳುವಾದ ನಾಮ, ಎರಡು ರಾತ್ರಿಯಿಂದ ನಿದ್ದೆ ಇಲ್ಲದ ಕಣ್ಣು. ಮಗಳನ್ನು ಕಂಡು ಅರ್ಧ ಎದ್ದವರು ಅವಳ ಮಾತು ಮುಗಿಯುವ ಹೊತ್ತಿಗೆ ಮತ್ತೆ ಕೂತಿದ್ದರು. ವಿಭಾ ಒಂದನ್ನೂ ಮುಚ್ಚಿಡಲಿಲ್ಲ. ವೀಣೆಯ ಸುಳ್ಳನ್ನೂ ಹೇಳಿದಳು.

ಆಶ್ಚರ್ಯವೆಂದರೆ ಡಾಕ್ಟರು ಸಿಟ್ಟಾಗಲಿಲ್ಲ. "ನನ್ನನ್ನ ಕೇಳಿದ್ರೆ ನಾನೇ ಕಳಿಸ್ತಿದ್ನಲ್ಲ ಪುಟ್ಟಿ," ಎಂದಷ್ಟೇ ಅಂದರು.

ಪ್ರಸಾದ್ ಪೆನ್ನು ಕೆಳಗಿಟ್ಟರು. "ಸರಿ ಮೇಡಂ. ಫೈಲು ಕಾರು ತೆಗೀಲಿಲ್ಲ ಅಂತಲೇ ಇಟ್ಕೊಳ್ಳೋಣ. ಗಾಜು ಒಡೆದಿಲ್ಲ, ಬೀಗ ಮುರಿದಿಲ್ಲ. ಹಾಗಾದ್ರೆ ಕೀನೇ ತೆಗೀಬೇಕು. ಡಾಕ್ಟ್ರೇ, ಮಂಗಳವಾರ ನಿಮ್ಮ ಕೀ ಎಲ್ಲಿತ್ತು?"

"ನನ್ನ ಜೇಬಲ್ಲೇ."

"ಇನ್ನೊಂದು?"

"ಇನ್ನೊಂದಿಲ್ಲ," ಎಂದರು ಡಾಕ್ಟರು. ಉತ್ತರ ಬಲು ಬೇಗ ಬಂತು ಎಂದು ಅಂಬುಜಾಗೆ ಅನಿಸಿತು. "ಹಳೇ ಕಾರು ತಗೊಂಡಿದ್ದು. ಒಂದೇ ಕೀ ಬಂದಿತ್ತು."

ಪ್ರಸಾದ್ ಅಂಬುಜಾರ ಕಡೆ ನೋಡಿದರು. "ಒಂದೇ ಕೀ, ಅದೂ ಇವರ ಜೇಬಲ್ಲಿ. ಅಂದ್ಮೇಲೆ ಕಾರು ಸಂಕೇತದಿಂದಲೇ ತೆಗೆದಿರ್ಬೇಕು ಮೇಡಂ. ಈ ಫೈಲ್ ಅಲ್ದಿದ್ರೆ ಇನ್ನೊಂದು ಫೈಲು. ಆ ವಿದ್ಯೆ ಗೊತ್ತಿರೋನು ಡೆನ್ನಿಸೇ. ನಾನು ಕೋರ್ಟಿಗೆ ಬೇರೆ ಏನೂ ಹೇಳೋ ಹಾಗಿಲ್ಲ."

ಹೊರಗೆ ಜೀಪು ಚಾಲೂ ಆದ ಸದ್ದು ಕೇಳಿಸಿತು. ಕಾನ್‌ಸ್ಟೇಬಲ್ ಒಬ್ಬ ಡೆನ್ನಿಸ್‌ನನ್ನು ಬಾಗಿಲ ಮುಂದೆ ಕರೆತಂದ. ನಿನ್ನೆಯ ಷರಟೇ ಮೈಮೇಲಿತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅಮ್ಮನನ್ನು ನೋಡಿ ಕಣ್ಣು ತಪ್ಪಿಸಿದ. ಆಮೇಲೆ ವಿಭಾಳನ್ನು ಕಂಡು ಗಾಬರಿಯಾದ.

"ವಿಭಾ, ನೀನ್ಯಾಕಮ್ಮ ಇಲ್ಲಿಗೆಲ್ಲ ಬಂದೆ? ಮನೇಲಿ ಬೈಯಲ್ವಾ? ಹೋಗು, ನಂದೇನೋ ಆಗುತ್ತೆ ಬುಡು."

ವಿಭಾ ಅಪ್ಪನ ಮುಖ ನೋಡಿದಳು. ಅಂಬುಜಾ ಹುಡುಗಿಯ ಬೆನ್ನಿನ ಮೇಲೆ ಕೈ ಇಟ್ಟರು. ಹೇಳು ಎನ್ನುವ ಹಕ್ಕು ತಮಗಿಲ್ಲ ಎಂದು ಅವರಿಗೆ ಗೊತ್ತಿತ್ತು.

"ಸರ್," ಎಂದಳು ವಿಭಾ ಪ್ರಸಾದರಿಗೆ. "ನಮ್ಮ ಕಾರಿಗೆ ಎರಡು ಕೀ ಇದೆ."

ಕೃಷ್ಣಸ್ವಾಮಿಯವರು ಕಣ್ಣು ಮುಚ್ಚಿಕೊಂಡರು. ಮತ್ತೆ ತೆರೆದಾಗ ಅವು ಒದ್ದೆಯಾಗಿದ್ದವು.

"ಸಾಕು ಪುಟ್ಟಿ," ಎಂದರು, ಕೈ ಮುಗಿಯುವವರ ಹಾಗೆ. "ಕಂಪ್ಲೇಂಟು ಬೇಕಾದ್ರೆ ವಾಪಸ್ ತಗೋತೀನಿ. ಈ ವಯಸ್ಸಲ್ಲಿ ಅಜ್ಜಿಯನ್ನ ಇದಕ್ಕೆ ಎಳೀಬೇಡ. ಕಂಪ್ಲೇಂಟು ಕೊಟ್ಟ ಮೇಲೇ ನನಗೂ ಗೊತ್ತಾಗಿದ್ದು."

ಪ್ರಸಾದ್ ಮತ್ತೆ ಪೆನ್ನು ಎತ್ತಿಕೊಂಡರು. ವಿಭಾ ಅಪ್ಪನ ಕಡೆ ತಿರುಗಿದಳು.

"ಅಜ್ಜಿನಾ? ಎರಡನೇ ಕೀ ಚಪ್ಪಲಿ ಸ್ಟ್ಯಾಂಡಿನ ಡ್ರಾಯರಲ್ಲಿದೆ ಅಂತಷ್ಟೇ ಹೇಳೋಕೆ ಹೊರಟಿದ್ದೆ ನಾನು, ಅಪ್ಪಾ."